ಸನ್ಯಾಸಿಗಳ ಬಂಡೆಯ ದ್ರಾಕ್ಷಿತೋಟ

ಫ್ರಾನ್ಸ್ ದೇಶದ ಪಶ್ಚಿಮ ಭಾಗದಲ್ಲಿ, ಆಂಜೇ ನಗರದಿಂದ ನೈಋತ್ಯಕ್ಕೆ ಸುಮಾರು ಹತ್ತು ಮೈಲಿ ಹೋದರೆ, ಲ್ವಾರ್ ನದಿಯ ಬಲದಂಡೆಯ ಮೇಲೆ ಸವೆನಿಯೇರ್ ಎಂಬ ಸಣ್ಣ ಗ್ರಾಮ ಸಿಗುತ್ತದೆ. ನದಿ ಅಲ್ಲಿ ಅಗಲವಾಗಿ, ಅವಸರವಿಲ್ಲದೆ, ಮರಳ ದಿಬ್ಬಗಳನ್ನೂ ನಡುಗಡ್ಡೆಗಳನ್ನೂ ಬಳಸಿಕೊಂಡು ಹರಿಯುತ್ತದೆ. ದಂಡೆಯಿಂದ ಮೇಲಕ್ಕೆ ಕಡಿದಾದ ಇಳಿಜಾರು. ಇಳಿಜಾರಿನ ತುಂಬ ದ್ರಾಕ್ಷಿಬಳ್ಳಿಯ ಸಾಲುಗಳು. ಸಮೀಪದಲ್ಲಿಯೇ ಪಾಳುಬಿದ್ದ ಕೋಟೆಯೊಂದರ ಗೋಡೆಗಳು. ಈ ಇಳಿಜಾರಿಗೆ ಕೂಲೇ ದ ಸೆರಾಂ ಎಂದು ಹೆಸರು. ವಿಸ್ತೀರ್ಣ ಹೆಚ್ಚೇನೂ ಇಲ್ಲ, ಏಳು ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಹದಿನೇಳು ಎಕರೆ. ನಮ್ಮ ಕಡೆಯ ಸಾಧಾರಣ ಅನುಕೂಲಸ್ಥ ರೈತನೊಬ್ಬನ ಹಿಡುವಳಿಯಷ್ಟು. ಆದರೆ ಈ ಹದಿನೇಳು ಎಕರೆಯ ಕಥೆಯಲ್ಲಿ ಯುರೋಪಿನ ಒಂಬತ್ತು ಶತಮಾನಗಳ ಬೇಸಾಯದ ಕಥೆಯೇ ಅಡಗಿದೆ.

ಮದ್ಯದ ವಿಷಯವೆಂದು ಕೆಲವು ಓದುಗರು ಹುಬ್ಬು ಗಂಟಿಕ್ಕಬಹುದು. ಅವರಿಗೆ ಒಂದು ಮಾತು: ಈ ಲೇಖನ ಕುಡಿಯುವವರ ಕುರಿತದ್ದಲ್ಲ, ಉಳುವವರ ಕುರಿತದ್ದು. ಒಂದೇ ನೆಲದಲ್ಲಿ ಒಂದೇ ಬೆಳೆಯನ್ನು ಒಂಬೈನೂರು ವರ್ಷ ಬೆಳೆಯುತ್ತ ಬಂದರೆ ಆ ನೆಲದ ಗತಿ ಏನಾಗುತ್ತದೆ ಎಂಬುದು ಅಡಕೆ ಬೆಳೆಯುವವರಿಗೂ ಭತ್ತ ಬೆಳೆಯುವವರಿಗೂ ಸಂಬಂಧಪಟ್ಟ ಪ್ರಶ್ನೆಯೇ ಸರಿ.

ಇಂದು ಈ ತೋಟವನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಇಳಿಜಾರಿನ ಸಾಲುಗಳ ನಡುವೆ ಸುತ್ತಾಡಿ, ಬಳಿಕ ವೈನಿನ ರುಚಿ ನೋಡುವುದು ಇಂಥ ತೋಟಗಳಲ್ಲಿ ನಡೆದುಬಂದ ವಾಡಿಕೆ. ರುಚಿ ನೋಡುವ ಕೋಣೆಯೆಂದರೆ ಪಾನಗೃಹವೆಂದು ತಿಳಿಯಬಾರದು. ಬಟ್ಟಲಿನ ತಳ ಮುಚ್ಚುವಷ್ಟು ಮಾತ್ರ ಸುರಿಯುತ್ತಾರೆ. ಮೊದಲು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು. ಆಮೇಲೆ ಬಟ್ಟಲನ್ನು ಮೆಲ್ಲಗೆ ತಿರುಗಿಸಿ ಪರಿಮಳ ಹಿಡಿಯಬೇಕು. ಕೊನೆಗೆ ಒಂದು ಗುಟುಕು. ಬಲ್ಲವರು ಅದನ್ನೂ ನುಂಗುವುದಿಲ್ಲ; ಪಕ್ಕದಲ್ಲಿರಿಸಿದ ಪಾತ್ರೆಗೆ ಉಗುಳುತ್ತಾರೆ. ಕಾಫಿಯ ಗುಣ ಪರೀಕ್ಷಿಸುವವರೂ ಹೀಗೆಯೇ ಅಲ್ಲವೆ? ಒಂದು ಚಮಚ ಹೀರಿ, ನಾಲಿಗೆಯ ಮೇಲೆ ಆಡಿಸಿ, ಉಗುಳಿ, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಇಲ್ಲಿಯ ವೈನಿಗೆ ಇನ್ನೊಂದು ವಿಶೇಷವಿದೆ. ಸೀಸೆಯನ್ನು ಒಂದು ದಿನ ಮೊದಲೇ ತೆರೆದಿಡಬೇಕೆಂದು ತೋಟದವರ ಸಲಹೆ. ಗಾಳಿ ಸೋಕಿದಷ್ಟೂ ಅದರ ಗುಣ ಬಿಚ್ಚಿಕೊಳ್ಳುತ್ತದೆಂದು ಅವರು ಹೇಳುತ್ತಾರೆ.

ಆ ಗುಟುಕಿನಲ್ಲಿ ಪ್ರವಾಸಿ ಹುಡುಕುವುದಾದರೂ ಏನನ್ನು? ಫ್ರೆಂಚರು ಅದಕ್ಕೆ ‘ತೆರ್ವಾರ್’ ಎನ್ನುತ್ತಾರೆ. ನೆಲದ ಗುಣ, ಬಿಸಿಲಿನ ಓರೆ, ಗಾಳಿಯ ದಾರಿ, ನೀರಿನ ಇಂಗು, ಅಲ್ಲಿಯ ಜನರ ರೂಢಿ ಇವೆಲ್ಲ ಸೇರಿ ಬೆಳೆಗೆ ಕೊಡುವ ವಿಶಿಷ್ಟತೆ ಅದು. ನಂಜನಗೂಡಿನ ರಸಬಾಳೆಯ ಕಂದನ್ನು ಬೇರೆ ಊರಿಗೆ ಒಯ್ದು ನೆಟ್ಟರೆ ಅದೇ ರುಚಿ ಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ಅರ್ಥದಲ್ಲಿಯೇ. ಫ್ರಾನ್ಸಿನಲ್ಲಿ ಈ ನಂಬಿಕೆ ೧೯೩೫ರಲ್ಲಿ ಕಾನೂನಿನ ರೂಪ ಪಡೆಯಿತು. ಇಂಥ ಊರಿನ ಹೆಸರು ಹೊತ್ತ ವೈನು ಇಂಥ ಎಲ್ಲೆಯೊಳಗೆ, ಇಂಥ ತಳಿಯಿಂದ, ಇಂಥ ಕ್ರಮದಲ್ಲಿಯೇ ಆಗಬೇಕೆಂದು ಸರಕಾರ ಗೊತ್ತುಮಾಡಿತು. ಸವೆನಿಯೇರಿಗೆ ಈ ಮನ್ನಣೆ ೧೯೫೨ರಲ್ಲಿ ದೊರೆಯಿತು. ಕೂಲೇ ದ ಸೆರಾಂ ಪುಟ್ಟ ಇಳಿಜಾರಾದರೂ ಇಂದು ಅದಕ್ಕೆ ತನ್ನದೇ ಪ್ರತ್ಯೇಕ ನಾಮಧೇಯವಿದೆ. ಇಲ್ಲಿ ಬೆಳೆಯುವುದು ಶೆನಾಂ ಎಂಬ ಬಿಳಿಯ ದ್ರಾಕ್ಷಿ ಒಂದನ್ನೇ.

ಹಾಗಾದರೆ ನೆಲದ ಗುಣ ಎಂಬುದು ಎಂದಿಗೂ ಅಳಿಯದ ಆಸ್ತಿಯೆ? ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ನಾವು ಬಹು ಹಿಂದಕ್ಕೆ ಹೋಗಬೇಕು.

ಇಲ್ಲಿ ಮೊದಲು ಬಳ್ಳಿ ನೆಟ್ಟವರು ಸಿಸ್ಟರ್ಷಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು, ಕಾಲ ಕ್ರಿ. ಶ. ೧೧೩೦ ಎಂದು ತೋಟದ ಪರಂಪರೆ ಹೇಳುತ್ತದೆ. ಈ ಪಂಥ ಹುಟ್ಟಿದ್ದು ೧೦೯೮ರಲ್ಲಿ, ಬರ್ಗಂಡಿ ಪ್ರಾಂತದ ಸೀತೋ ಎಂಬಲ್ಲಿ. ಹಳೆಯ ಮಠಗಳಲ್ಲಿ ಸುಖ ಹೆಚ್ಚಿತು, ದುಡಿಮೆ ತಗ್ಗಿತು ಎಂದು ಬೇಸತ್ತ ಕೆಲವರು, ಕಾಡಿನ ನಡುವೆ ಹೊಸ ಮಠ ಕಟ್ಟಿ, ಪ್ರಾರ್ಥನೆಯಷ್ಟೇ ಮೈಮುರಿದು ದುಡಿಯುವುದೂ ಧರ್ಮವೆಂದು ಸಾರಿದರು. ಚರ್ಚಿನ ಪೂಜೆಗೆ ವೈನು ಬೇಕೇಬೇಕು. ಆದ್ದರಿಂದ ಮಠ ಹೋದಲ್ಲಿ ದ್ರಾಕ್ಷಿಯೂ ಹೋಯಿತು. ಇವರಿಗೆ ಮನೆ ಮಕ್ಕಳ ಕಾಟವಿಲ್ಲ, ಆಸ್ತಿ ಪಾಲಾಗುವ ಭಯವಿಲ್ಲ. ಒಬ್ಬ ಸನ್ಯಾಸಿ ನೆಟ್ಟ ಬಳ್ಳಿಯನ್ನು ಇನ್ನೊಬ್ಬ ಕತ್ತರಿಸಿದ. ಅವನು ಕಂಡದ್ದನ್ನು ಮೂರನೆಯವನು ನೆನಪಿಟ್ಟುಕೊಂಡ. ಹೀಗೆ ತಲೆಮಾರುಗಳ ಕಾಲ ಒಂದೇ ನೆಲವನ್ನು ನೋಡುತ್ತ ಬಂದುದರಿಂದ, ಯಾವ ಇಳಿಜಾರಿನ ಹಣ್ಣು ಬೇಗ ಪಕ್ವವಾಗುತ್ತದೆ, ಯಾವ ತಗ್ಗಿನಲ್ಲಿ ಹಿಮ ಕಟ್ಟುತ್ತದೆ ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ತೆರ್ವಾರ್ ಎಂಬ ಭಾವನೆಗೆ ಗಟ್ಟಿಯಾದ ತಳಹದಿ ಹಾಕಿದವರಲ್ಲಿ ಇವರು ಮುಖ್ಯರು. ಕೂಲೇ ದ ಸೆರಾಂ ಇರುವ ಸ್ಥಳಕ್ಕೆ ‘ಲಾ ರೋಶ್ ಓ ಮ್ವಾನ್’, ಎಂದರೆ ಸನ್ಯಾಸಿಗಳ ಬಂಡೆ ಎಂಬ ಹೆಸರು ಇಂದಿಗೂ ಇದೆ.

ಬಂಡೆಯ ಮೇಲೆ ಕೋಟೆಯೂ ಎದ್ದಿತು. ೧೨೧೪ರ ಜೂನ್ ತಿಂಗಳಿನಲ್ಲಿ ಇಂಗ್ಲೆಂಡಿನ ಅರಸ ಜಾನ್, ತಾನು ಕಳೆದುಕೊಂಡಿದ್ದ ಆಂಜೂ ಪ್ರಾಂತವನ್ನು ಮತ್ತೆ ವಶಪಡಿಸಿಕೊಳ್ಳಲು ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಎರಡು ವಾರ ಕಳೆದರೂ ಕೋಟೆ ಮಣಿಯಲಿಲ್ಲ. ಜುಲೈ ೨ರಂದು ಫ್ರೆಂಚ್ ರಾಜಕುಮಾರ ಲೂಯಿ ಸೈನ್ಯಸಮೇತ ಸಮೀಪಿಸುತ್ತಲೂ, ಜಾನನ ಪಕ್ಷದ ಸ್ಥಳೀಯ ಸಾಮಂತರು ಕಾದಲು ಒಪ್ಪದೆ ಹಿಂಜರಿದರು. ಅರಸ ಮುತ್ತಿಗೆಯನ್ನು ಬಿಟ್ಟು ಓಡಿಹೋದ. ಅದೇ ತಿಂಗಳ ೨೭ರಂದು ಬೂವೀನ್ ಕದನದಲ್ಲಿ ಅವನ ಮಿತ್ರರೂ ಸೋತರು. ಮರು ವರ್ಷ, ೧೨೧೫ರ ಜೂನ್‌ನಲ್ಲಿ, ಸೋತು ಬಂದ ಈ ಅರಸನಿಂದಲೇ ಇಂಗ್ಲೆಂಡಿನ ಸರದಾರರು ಮಹಾಸನ್ನದಿಗೆ ಒಪ್ಪಿಗೆಯ ಮುದ್ರೆ ಒತ್ತಿಸಿಕೊಂಡರು. ಇಂಗ್ಲಿಷರ ಸ್ವಾತಂತ್ರ್ಯದ ಚರಿತ್ರೆಗೂ ಈ ದ್ರಾಕ್ಷಿಯ ಇಳಿಜಾರಿಗೂ ಹೀಗೊಂದು ನಂಟು.

ಅರಸರು ಬಂದರು, ಹೋದರು. ೧೭೮೯ರ ಮಹಾಕ್ರಾಂತಿಯಲ್ಲಿ ಚರ್ಚಿನ ಆಸ್ತಿಯೆಲ್ಲ ರಾಷ್ಟ್ರದ ಸ್ವತ್ತೆಂದು ಘೋಷಿತವಾಗಿ, ಫ್ರಾನ್ಸಿನ ತುಂಬ ಮಠಗಳ ತೋಟಗಳು ಹರಾಜಿಗೆ ಬಂದವು. ಆದರೂ ದ್ರಾಕ್ಷಿಯ ಬೇಸಾಯದ ಕ್ರಮ ಹೆಚ್ಚು ಬದಲಾಗಲಿಲ್ಲ. ಅದನ್ನು ಬುಡಮೇಲು ಮಾಡಿದವು ಕತ್ತಿ ಕಠಾರಿಗಳಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಮೂರು ಜೀವಿಗಳು. ಮೂರೂ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದವು.

ಮೊದಲು ಬಂದುದು ಬೂದಿರೋಗ. ೧೮೪೫ರಲ್ಲಿ ಇಂಗ್ಲೆಂಡಿನ ಗಾಜಿನ ಮನೆಯೊಂದರ ದ್ರಾಕ್ಷಿಯಲ್ಲಿ ಕಾಣಿಸಿಕೊಂಡ ಇದು ಕೆಲವೇ ವರ್ಷಗಳಲ್ಲಿ ಫ್ರಾನ್ಸನ್ನು ಮುತ್ತಿತು. ಗಂಧಕದ ಪುಡಿ ಎರಚಿದರೆ ಅದು ಹಿಡಿತಕ್ಕೆ ಬರುತ್ತದೆಂದು ಗೊತ್ತಾಗುವಷ್ಟರಲ್ಲಿ ಎಷ್ಟೋ ತೋಟಗಳು ಬರಿದಾಗಿದ್ದವು. ಎರಡನೆಯದು ಫಿಲಾಕ್ಸೆರಾ ಎಂಬ, ಬೇರಿನ ರಸ ಹೀರುವ ಹೇನಿನಂಥ ಹುಳು. ೧೮೬೩ರ ಸುಮಾರಿಗೆ ರೋನ್ ನದಿಯ ಕೆಳಭಾಗದ ತೋಟಗಳಲ್ಲಿ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. ಸತ್ತ ಬಳ್ಳಿಯನ್ನು ಅಗೆದು ನೋಡಿದವರಿಗೆ ಏನೂ ಕಾಣಲಿಲ್ಲ. ೧೮೬೮ರಲ್ಲಿ ಸಸ್ಯವಿಜ್ಞಾನಿ ಪ್ಲಾಂಶೋನ್ ಮತ್ತು ಅವರ ಇಬ್ಬರು ಸಂಗಡಿಗರು, ಸತ್ತದ್ದನ್ನು ಬಿಟ್ಟು, ಇನ್ನೂ ಹಸಿರಾಗಿದ್ದ ಬಳ್ಳಿಯ ಬುಡವನ್ನು ಅಗೆದರು. ಬೇರಿನ ತುಂಬ ಹಳದಿಯ ಹುಳುಗಳು! ಬೇರು ಸತ್ತೊಡನೆ ಹುಳು ಬೇರೆ ಗಿಡಕ್ಕೆ ಹೋಗಿಬಿಡುತ್ತಿತ್ತು; ಅದಕ್ಕೇ ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮದ್ದು ಕಂಡುಹಿಡಿದವರಿಗೆ ೩,೦೦,೦೦೦ ಫ್ರಾಂಕ್ ಬಹುಮಾನವೆಂದು ಸರಕಾರ ಸಾರಿತು. ಆ ಬಹುಮಾನ ಯಾರಿಗೂ ಸಿಗಲಿಲ್ಲ. ೧೮೭೫ರಲ್ಲಿ ಸುಮಾರು ೮೪೫ ಕೋಟಿ ಲೀಟರ್ ಇದ್ದ ಫ್ರಾನ್ಸಿನ ವೈನಿನ ಉತ್ಪನ್ನ ೧೮೮೯ರಲ್ಲಿ ೨೩೪ ಕೋಟಿ ಲೀಟರಿಗೆ ಇಳಿಯಿತು. ಕೊನೆಗೆ ಉಪಾಯ ಹೊಳೆದದ್ದು ರೋಗ ಬಂದ ದಿಕ್ಕಿನಿಂದಲೇ. ಅಮೆರಿಕದ ಕಾಡುದ್ರಾಕ್ಷಿಯ ಬೇರು ಈ ಹುಳುವಿನ ಕಡಿತವನ್ನು ತಾಳಿಕೊಳ್ಳುತ್ತದೆ. ಆ ಬೇರಿನ ಮೇಲೆ ಫ್ರೆಂಚ್ ಬಳ್ಳಿಯ ಕಸಿ ಕಟ್ಟಿದರು. ಇಂದು ಫ್ರಾನ್ಸಿನ ಬಹುಪಾಲು ತೋಟಗಳಲ್ಲಿ ನೆಲದ ಮೇಲಿರುವುದು ಫ್ರೆಂಚ್ ಬಳ್ಳಿ, ನೆಲದೊಳಗಿರುವುದು ಅಮೆರಿಕದ ಬೇರು. ಶತಶತಮಾನಗಳ ಅಖಂಡ ಪರಂಪರೆ ಎಂದು ಯಾವ ತೋಟದವರು ಹೇಳಿದರೂ ಈ ಸಂಗತಿಯನ್ನು ನೆನಪಿಟ್ಟುಕೊಂಡೇ ಕೇಳಬೇಕು.

ಮೂರನೆಯದು ಬೂಜುತುಪ್ಪಟ ರೋಗ. ಹುಳುವನ್ನು ಎದುರಿಸಲೆಂದು ಅಮೆರಿಕದ ಬಳ್ಳಿಗಳನ್ನು ತರಿಸುತ್ತಿದ್ದ ಕಾಲದಲ್ಲಿಯೇ, ೧೮೭೮ರಲ್ಲಿ, ಅದು ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಒಂದು ರೋಗದ ಮದ್ದು ತರಹೋಗಿ ಇನ್ನೊಂದು ರೋಗ ಮನೆಗೆ ಬಂದಂತಾಯಿತು. ಇದರ ಮದ್ದು ದೊರೆತ ಬಗೆ ಸ್ವಾರಸ್ಯಕರವಾಗಿದೆ. ಬೋರ್ಡೊ ನಗರದ ಸಮೀಪ ದಾರಿಯ ಮಗ್ಗುಲಿನ ತೋಟಗಳವರು, ಹೋಗಿಬರುವವರು ಹಣ್ಣು ಕೀಳದಿರಲೆಂದು, ಅಂಚಿನ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಚಿಮುಕಿಸುತ್ತಿದ್ದರು. ನೀಲಿ ಬಣ್ಣ ಕಂಡವರು ವಿಷವೆಂದು ದೂರ ಸರಿಯುತ್ತಿದ್ದರು. ೧೮೮೨ರಲ್ಲಿ ಆ ದಾರಿಯಲ್ಲಿ ನಡೆದ ಪ್ರೊಫೆಸರ್ ಮಿಯಾರ್ದೆ, ಉಳಿದ ತೋಟವೆಲ್ಲ ಎಲೆ ಉದುರಿಸಿ ನಿಂತಿರುವಾಗ ಅಂಚಿನ ಸಾಲುಗಳು ಮಾತ್ರ ಹಸಿರಾಗಿರುವುದನ್ನು ಗಮನಿಸಿದರು. ಮೂರು ವರ್ಷ ಪ್ರಯೋಗ ಮಾಡಿ ೧೮೮೫ರಲ್ಲಿ ಅದನ್ನು ಪ್ರಕಟಿಸಿದರು. ಜಗತ್ಪ್ರಸಿದ್ಧವಾದ ‘ಬೋರ್ಡೊ ದ್ರಾವಣ’ ಹುಟ್ಟಿದ್ದು ಹೀಗೆ, ಹಣ್ಣುಗಳ್ಳರ ಭಯದಿಂದ.

ಈ ಹೆಸರು ಮಲೆನಾಡಿನ ಓದುಗರಿಗೆ ಹೊಸದಲ್ಲ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ೧೯೧೦ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಬೋರ್ಡೊ ದ್ರಾವಣವೇ ಅದಕ್ಕೂ ಮದ್ದೆಂದು ತೋರಿಸಿಕೊಟ್ಟವರು ಅವರು. ಅಲ್ಲಿಯವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದೇ ರೈತರಿಗೆ ತಿಳಿದಿದ್ದ ದಾರಿ. ದ್ರಾಕ್ಷಿಯ ಬೂಜುತುಪ್ಪಟಕ್ಕೂ ಅಡಕೆಯ ಕೊಳೆಗೂ ಕಾರಣವಾದ ಜೀವಿಗಳು ಒಂದೇ ವರ್ಗದ ದಾಯಾದಿಗಳು. ಎರಡಕ್ಕೂ ಮಳೆ, ಮೋಡ, ತೇವ ಎಂದರೆ ಹಬ್ಬ. ಮಳೆಗಾಲ ಹತ್ತಿದೊಡನೆ ತೀರ್ಥಹಳ್ಳಿ, ಶಿರಸಿಗಳ ತೋಟಗಳಲ್ಲಿ ಮರ ಹತ್ತಿ ಮದ್ದು ಹೊಡೆಯುವವರಿಗೂ ಲ್ವಾರ್ ದಂಡೆಯ ದ್ರಾಕ್ಷಿ ಬೆಳೆಗಾರರಿಗೂ ನಡುವೆ ಈ ನೀಲಿಯ ನೀರಿನ ಸಂಬಂಧವಿದೆ.

ಗಂಧಕ, ತುತ್ತ, ಕಸಿ ಈ ಮೂರರಿಂದ ಫ್ರಾನ್ಸಿನ ದ್ರಾಕ್ಷಿ ಉಳಿಯಿತು. ಆದರೆ ಬಳ್ಳಿ ಇನ್ನು ಮುಂದೆ ಮನುಷ್ಯನ ಮದ್ದಿಲ್ಲದೆ ಬದುಕಲಾರದ ಸ್ಥಿತಿಗೆ ಬಂದಿತು. ಎರಡನೆಯ ಮಹಾಯುದ್ಧದ ಬಳಿಕ ಕಾರ್ಖಾನೆಯ ಸಾರಜನಕ ಗೊಬ್ಬರ, ಕೀಟನಾಶಕ, ಕಳೆನಾಶಕಗಳೂ ಬಂದು ಸೇರಿದವು. ಕುದುರೆ ಹೋಯಿತು, ಟ್ರ್ಯಾಕ್ಟರು ಬಂತು. ಗುದ್ದಲಿ ಹೋಯಿತು, ಸಿಂಪಡಿಸುವ ಯಂತ್ರ ಬಂತು. ಇಳುವರಿ ಏರಿತು, ಕೂಲಿಯ ಖರ್ಚು ಇಳಿಯಿತು. ಯುದ್ಧದಿಂದ ಬಳಲಿದ ದೇಶಕ್ಕೆ ಇದು ವರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಬಹಳ ಮೊದಲೇ ಇನ್ನೊಂದು ದನಿ ಎದ್ದಿತ್ತು. ೧೯೨೪ರ ಜೂನ್ ೭ರಿಂದ ೧೬ರ ವರೆಗೆ, ಅಂದಿನ ಜರ್ಮನಿಯ ಬ್ರೆಸ್ಲೌ ನಗರದ ಸಮೀಪದ ಕೋಬರ್ವಿಟ್ಸ್ ಎಂಬಲ್ಲಿ, ಒಬ್ಬ ಜಮೀನುದಾರರ ಬಂಗಲೆಯಲ್ಲಿ ನೂರಕ್ಕೂ ಮಿಕ್ಕ ಜನ ಸೇರಿದ್ದರು. ಆ ಊರು ಈಗ ಪೋಲೆಂಡಿನಲ್ಲಿದೆ. ಅಲ್ಲಿ ಎಂಟು ಉಪನ್ಯಾಸಗಳನ್ನು ಕೊಟ್ಟವರು ಆಸ್ಟ್ರಿಯಾದ ದಾರ್ಶನಿಕ ರುಡಾಲ್ಫ್ ಸ್ಟೈನರ್. ರಾಸಾಯನಿಕ ಗೊಬ್ಬರ ಬಂದ ಮೇಲೆ ಬೀಜದ ಸತ್ವ ಕುಂದುತ್ತಿದೆ, ದನಗಳಿಗೆ ರೋಗ ಹೆಚ್ಚುತ್ತಿದೆ ಎಂಬ ರೈತರ ದೂರಿಗೆ ಉತ್ತರವಾಗಿ ಬಂದ ಮಾತುಗಳು ಅವು. ಸ್ಟೈನರ್ ರೈತರಲ್ಲ, ಅಧ್ಯಾತ್ಮದ ಹಾದಿಯಿಂದ ಬಂದವರು. ಪ್ರತಿಯೊಂದು ಜಮೀನನ್ನೂ ಒಂದು ಜೀವಿಯೆಂದು ಭಾವಿಸಬೇಕು, ಗೊಬ್ಬರ, ಮೇವು, ಬೀಜ ಎಲ್ಲವೂ ಆದಷ್ಟು ಆ ಜಮೀನಿನಲ್ಲಿಯೇ ಹುಟ್ಟಬೇಕು, ಚಂದ್ರ ಗ್ರಹಗಳ ಗತಿಯೊಡನೆ ಬೇಸಾಯ ಹೊಂದಿಕೊಂಡು ನಡೆಯಬೇಕು ಎಂಬುದು ಅವರ ಮತ. ಮರು ವರ್ಷವೇ ಅವರು ತೀರಿಕೊಂಡರು. ಈ ಪದ್ಧತಿಗೆ ‘ಬಯೋಡೈನಮಿಕ್’ ಎಂಬ ಹೆಸರನ್ನು ಕೊಟ್ಟವರು ಅವರ ಅನುಯಾಯಿಗಳು. ಗ್ರೀಕರ ಧಾನ್ಯದೇವತೆಯ ಹೆಸರಿನಲ್ಲಿ ‘ಡಿಮೀಟರ್’ ಎಂಬ ಗುರುತಿನ ಮುದ್ರೆ ೧೯೨೮ರಲ್ಲಿ ಬಳಕೆಗೆ ಬಂತು.

ಪದ್ಧತಿಯ ಕೆಲವು ವಿಧಿಗಳು ವಿಚಿತ್ರವಾಗಿವೆ. ಹಸುವಿನ ಕೊಂಬಿನಲ್ಲಿ ಸಗಣಿಯನ್ನು ತುಂಬಿ ಶರತ್ಕಾಲದಲ್ಲಿ ಹೂಳಬೇಕು. ಚಳಿಗಾಲವೆಲ್ಲ ಮಣ್ಣಿನಲ್ಲಿದ್ದ ಅದನ್ನು ವಸಂತದಲ್ಲಿ ಅಗೆದು ತೆಗೆಯಬೇಕು. ಒಂದು ಹೆಕ್ಟೇರಿಗೆ ಬೇಕಾಗುವುದು ನೂರು ಗ್ರಾಮಿನಷ್ಟು ಮಾತ್ರ. ಅದನ್ನು ನೀರಿನಲ್ಲಿ ಕಲಸಿ, ಸುಳಿ ಏಳುವಂತೆ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಒಂದು ಗಂಟೆ ಕಾಲ ತಿರುಗಿಸಿ ನೆಲಕ್ಕೆ ಚಿಮುಕಿಸಬೇಕು. ಇನ್ನೊಂದು ಕೊಂಬಿನಲ್ಲಿ ಬೆಣಚುಕಲ್ಲಿನ ಹುಡಿ, ಅದು ಎಲೆಗಳಿಗೆ. ಕೆಲವು ಗಿಡಮೂಲಿಕೆಗಳನ್ನು ಜಿಂಕೆಯ ಮೂತ್ರಕೋಶದಲ್ಲಿ, ಹಸುವಿನ ಕರುಳಿನಲ್ಲಿ, ಸಾಕುಪ್ರಾಣಿಯ ತಲೆಬುರುಡೆಯಲ್ಲಿ ಇಟ್ಟು ಮಾಗಿಸಿ ಗೊಬ್ಬರದ ಗುಂಡಿಗೆ ಸೇರಿಸಬೇಕು. ಸಗಣಿ, ಗೋವು, ತಿಥಿ, ನಕ್ಷತ್ರ ಎಂದೊಡನೆ, ಇದೆಲ್ಲ ನಮ್ಮವರಿಗೆ ಮೊದಲೇ ತಿಳಿದಿತ್ತು ಎಂದು ಎದೆಯುಬ್ಬಿಸುವವರು ನಮ್ಮಲ್ಲಿ ಇದ್ದಾರೆ. ಅಷ್ಟು ಅವಸರ ಬೇಡ. ಮೂತ್ರಕೋಶ, ತಲೆಬುರುಡೆಗಳ ವಿಧಿ ನಮ್ಮ ಯಾವ ರೈತನದೂ ಅಲ್ಲ. ಭಾರತದ ರೈತನಿಂದ ನಿಜವಾಗಿ ಕಲಿತವರು ಬೇರೊಬ್ಬರು. ಕೋಬರ್ವಿಟ್ಸ್ ಉಪನ್ಯಾಸಗಳು ನಡೆದ ೧೯೨೪ರಲ್ಲಿಯೇ ಆಲ್ಬರ್ಟ್ ಹೋವಾರ್ಡ್ ಇಂದೋರಿನ ಸಸ್ಯಸಂಶೋಧನ ಸಂಸ್ಥೆಯನ್ನು ವಹಿಸಿಕೊಂಡು, ಕಸಕಡ್ಡಿ ಸಗಣಿಗಳಿಂದ ಗೊಬ್ಬರ ಮಾಡುವ ‘ಇಂದೋರ್ ಪದ್ಧತಿ’ಯನ್ನು ರೂಪಿಸಿದರು. ಅದರಲ್ಲಿ ಗ್ರಹಗತಿಯಿಲ್ಲ, ತೂಕ, ಅಳತೆ, ಉಷ್ಣತೆಗಳ ಲೆಕ್ಕವಿದೆ.

ಈ ಪಂಥದ ಚರಿತ್ರೆಯಲ್ಲಿ ಕಪ್ಪು ಪುಟವೂ ಇದೆ; ಅದನ್ನು ಮರೆಮಾಚಬಾರದು. ಜರ್ಮನಿಯಲ್ಲಿ ನಾಜಿಗಳ ಆಡಳಿತ ಬಂದಾಗ ಬಯೋಡೈನಮಿಕ್ ಸಂಘದವರು ಆ ಸರಕಾರದಲ್ಲಿ ಪೋಷಕರನ್ನು ಹುಡುಕಿದರು. ಹಿಟ್ಲರನ ಬಲಗೈಯಂತಿದ್ದ ರುಡಾಲ್ಫ್ ಹೆಸ್ ಅವರಿಗೆ ಆಸರೆಯಾದ. ೧೯೪೧ರ ಮೇ ತಿಂಗಳಿನಲ್ಲಿ ಹೆಸ್ ವಿಮಾನವೇರಿ ಬ್ರಿಟನ್ನಿಗೆ ಹಾರಿದ ಮೇಲೆ, ಜೂನ್‌ನಲ್ಲಿ ಸಂಘಕ್ಕೆ ನಿಷೇಧ ಬಿತ್ತು. ಆದರೂ ಡಾಖಾವು ಬಂಧನ ಶಿಬಿರದ ಮೂಲಿಕೆಯ ತೋಟದಲ್ಲಿ ಎಸ್.ಎಸ್. ಪಡೆ ಇದೇ ಪದ್ಧತಿಯನ್ನು ನಡೆಸಿತು, ದುಡಿದವರು ಕೈದಿಗಳು. ಮಣ್ಣಿನ ಮೇಲಿನ ಪ್ರೀತಿ ಮನುಷ್ಯನ ಮೇಲಿನ ಪ್ರೀತಿಯನ್ನೂ ತಂದುಕೊಡುತ್ತದೆಂದು ನಂಬುವವರು ಈ ಸಂಗತಿಯನ್ನು ಅರಿತಿರಬೇಕು.

ಇನ್ನು ಸವೆನಿಯೇರಿಗೆ ಮರಳೋಣ. ಕೂಲೇ ದ ಸೆರಾಂ ತೋಟವನ್ನು ಜೋಲಿ ಮನೆತನದವರು ಕೊಂಡದ್ದು ೧೯೬೦ರ ಸುಮಾರಿಗೆ. ಮಗ ನಿಕೊಲಾ ಜೋಲಿ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದವರು. ೧೯೭೭ರಲ್ಲಿ ಅದನ್ನು ಬಿಟ್ಟು ಊರಿಗೆ ಬಂದರು. ಹೊಸ ಕಾಲಕ್ಕೆ ತಕ್ಕಂತೆ ಕಳೆನಾಶಕ ಬಳಸಿರಿ, ಖರ್ಚು ಉಳಿಯುತ್ತದೆ ಎಂಬ ಸಲಹೆ ಬಂತು. ಹಾಗೆಯೇ ಮಾಡಿದರು. ಎರಡು ವರ್ಷದೊಳಗೆ ಮಣ್ಣಿನ ಬಣ್ಣ ಬದಲಾಯಿತು, ಹುಳುಹುಪ್ಪಟೆಗಳು ಕಾಣದಾದವು, ಕವುಜುಗಗಳು ತೋಟ ಬಿಟ್ಟು ಹೋದವು ಎಂದು ಅವರು ಮುಂದೆ ಹೇಳಿದ್ದಾರೆ. ಆಗ ಆಕಸ್ಮಿಕವಾಗಿ ಬಯೋಡೈನಮಿಕ್ ಕೃಷಿಯ ಪುಸ್ತಕವೊಂದು ಅವರ ಕೈಗೆ ಬಿತ್ತು. ೧೯೮೦ರಲ್ಲಿ ಸಣ್ಣ ಭಾಗದಲ್ಲಿ ಪ್ರಯೋಗ ಆರಂಭಿಸಿ, ೧೯೮೪ರ ಹೊತ್ತಿಗೆ ಇಡೀ ತೋಟವನ್ನೇ ಆ ಪದ್ಧತಿಗೆ ತಂದರು. ಅಂದಿನ ಫ್ರಾನ್ಸಿನಲ್ಲಿ ಇದು ನೆರೆಹೊರೆಯವರ ನಗೆಗೆ ಈಡಾಗುವ ಕೆಲಸವಾಗಿತ್ತು. ಆದರೆ ಬರ್ಗಂಡಿಯ ಲರ್ವಾ ತೋಟ ೧೯೮೮ರಲ್ಲಿ ಈ ದಾರಿ ಹಿಡಿಯಿತು. ಲಫ್ಲೇವ್ ತೋಟ ೧೯೯೭ರಲ್ಲಿ ಪೂರ್ತಿಯಾಗಿ ಬಂದು ಸೇರಿತು. ಜಗತ್ತಿನ ಅತ್ಯಂತ ಬೆಲೆಬಾಳುವ ವೈನುಗಳನ್ನು ಮಾಡುವವರೇ ಕೊಂಬಿನ ಗೊಬ್ಬರಕ್ಕೆ ತಿರುಗಿದಾಗ, ನಕ್ಕವರು ನಗೆಯನ್ನು ನುಂಗಿಕೊಂಡರು.

ಇಂದು ಇಲ್ಲಿಗೆ ಹೋದವರು ಕಡಿದಾದ ಭಾಗಗಳನ್ನು ಕುದುರೆಯಿಂದ ಉಳುವುದನ್ನು ಕಾಣಬಹುದು. ದನಕರುಗಳ ಗೊಬ್ಬರವೇ ಬಳ್ಳಿಗೆ ಆಹಾರ. ಕೊಯ್ಲು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೂರು ನಾಲ್ಕು ವಾರಗಳಲ್ಲಿ ಅದೇ ಸಾಲುಗಳನ್ನು ಮತ್ತೆ ಮತ್ತೆ ಸುತ್ತಿ, ಆಯಾ ದಿನಕ್ಕೆ ಪಕ್ವವಾದ ಗೊಂಚಲನ್ನು ಮಾತ್ರ ಕತ್ತರಿಸುತ್ತಾರೆ. ಇಳುವರಿ ಎಕರೆಗೆ ಸಾವಿರ ಲೀಟರ್ ಮೀರುವುದು ಅಪರೂಪ.

ಆದರೆ ಕಣ್ಣಿಗೆ ಹಬ್ಬವಾದ ದೃಶ್ಯ, ನಾಲಿಗೆಗೆ ಹಿತವಾದ ಗುಟುಕು ಇವೆರಡೂ ಸತ್ಯಕ್ಕೆ ಸಾಕ್ಷಿಯಾಗಲಾರವು. ಕೊಂಬಿನ ಗೊಬ್ಬರದಿಂದ ನಿಜವಾಗಿಯೂ ಪ್ರಯೋಜನವಿದೆಯೆ? ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. ಕ್ಯಾಲಿಫೋರ್ನಿಯದ ಒಂದು ತೋಟದಲ್ಲಿ, ಒಂದು ಭಾಗಕ್ಕೆ ಸಾಮಾನ್ಯ ಸಾವಯವ ಬೇಸಾಯ, ಇನ್ನೊಂದು ಭಾಗಕ್ಕೆ ಅದರ ಜೊತೆಗೆ ಬಯೋಡೈನಮಿಕ್ ವಿಧಿಗಳು ಎಂದು ಆರು ವರ್ಷ ನಡೆಸಿ ನೋಡಿದರು. ೨೦೦೫ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಣ್ಣಿನ ಗುಣದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಸಾವಯವ ಬೇಸಾಯವೇ ನಿಷ್ಫಲವೆಂದಲ್ಲ. ಸ್ವಿಟ್ಸರ್ಲೆಂಡಿನಲ್ಲಿ ೧೯೭೮ರಿಂದ ಬೇರೆ ಬೆಳೆಗಳ ಮೇಲೆ ನಡೆದಿರುವ ದೀರ್ಘ ಪ್ರಯೋಗದಲ್ಲಿ, ಬಯೋಡೈನಮಿಕ್ ಮತ್ತು ಸಾವಯವ ಎರಡೂ ಗದ್ದೆಗಳ ಮಣ್ಣಿನಲ್ಲಿ ಜೀವರಾಶಿ ಹೆಚ್ಚಿತ್ತು. ಇಳುವರಿ ಮಾತ್ರ ಸುಮಾರು ಶೇಕಡ ೨೦ರಷ್ಟು ಕಡಿಮೆ. ಎಂದರೆ, ಮಣ್ಣನ್ನು ಕಾಯುವುದು ಹಟ್ಟಿಗೊಬ್ಬರ, ಹಸಿರು ಹೊದಿಕೆ ಮತ್ತು ಬೆಳೆಗಾರನ ಎಚ್ಚರ. ಕೊಂಬು ಮತ್ತು ಗ್ರಹಗಳ ಪಾತ್ರಕ್ಕೆ ಪುರಾವೆ ದೊರೆತಿಲ್ಲ.

ಇನ್ನೂ ಗಹನವಾದ ತೊಡಕು ತುತ್ತದ್ದು. ಬಯೋಡೈನಮಿಕ್ ತೋಟಗಳಲ್ಲಿ ಕಾರ್ಖಾನೆಯ ಹೊಸ ಔಷಧಿಗಳಿಗೆ ಪ್ರವೇಶವಿಲ್ಲ. ಆದರೆ ಗಂಧಕಕ್ಕೆ, ತಾಮ್ರಕ್ಕೆ ಅನುಮತಿ ಇದೆ. ಬೂಜುತುಪ್ಪಟಕ್ಕೆ ಇದಕ್ಕಿಂತ ನೆಚ್ಚಿಗೆಯ ಮದ್ದು ಅವರಲ್ಲಿಲ್ಲ. ತಾಮ್ರ ಲೋಹ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಎಲೆಯಿಂದ ತೊಳೆದುಹೋದದ್ದು ಮೇಲ್ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ, ಎರೆಹುಳಕ್ಕೆ ಮುಳುವಾಗುತ್ತದೆ. ಇದನ್ನರಿತ ಯುರೋಪಿನ ಒಕ್ಕೂಟ ೨೦೧೯ರಿಂದ ಏಳು ವರ್ಷಗಳಿಗೆ ಹೆಕ್ಟೇರಿಗೆ ಒಟ್ಟು ೨೮ ಕಿಲೋ ತಾಮ್ರವೆಂದು ಮಿತಿ ಹಾಕಿತು. ಡಿಮೀಟರ್ ಸಂಸ್ಥೆಯ ನಿಯಮ ಇನ್ನೂ ಬಿಗಿ; ವರ್ಷಕ್ಕೆ ಸರಾಸರಿ ೩ ಕಿಲೋ. ಮಿತಿ ಹಾಕಬಹುದು, ಆದರೆ ಮಳೆ ಹೆಚ್ಚಾದ ವರ್ಷ ಬೆಳೆಗಾರ ಮೋಡದತ್ತ ಒಮ್ಮೆ, ತುತ್ತದ ಚೀಲದತ್ತ ಒಮ್ಮೆ ನೋಡುತ್ತ ನಿಲ್ಲಬೇಕಾಗುತ್ತದೆ.

ಒಬ್ಬನ ನಿಷ್ಠೆ ಇನ್ನೊಬ್ಬನ ನಷ್ಟವಾಗುವ ಸಂದರ್ಭವೂ ಉಂಟು. ಬಳ್ಳಿಯನ್ನು ಹಳದಿಯಾಗಿಸಿ ಕೊಲ್ಲುವ ಒಂದು ರೋಗವನ್ನು ಜಿಗಿಹುಳುಗಳು ಹರಡುತ್ತವೆ. ೨೦೧೩ರಲ್ಲಿ ಬರ್ಗಂಡಿಯ ಜಿಲ್ಲಾಡಳಿತ ಎಲ್ಲ ತೋಟಗಳಲ್ಲಿಯೂ ಕೀಟನಾಶಕ ಹೊಡೆಯಬೇಕೆಂದು ಆಜ್ಞೆ ಮಾಡಿತು. ಬೋನ್ ಪಟ್ಟಣದ ಬಯೋಡೈನಮಿಕ್ ಬೆಳೆಗಾರರೊಬ್ಬರು ಒಪ್ಪಲಿಲ್ಲ; ರೋಗವೇ ಇಲ್ಲದ ಕಡೆ ವಿಷವೇಕೆ, ಅದರಿಂದ ಜೇನೂ ಸಾಯುವುದಿಲ್ಲವೆ ಎಂದರು. ೨೦೧೪ರ ಏಪ್ರಿಲ್‌ನಲ್ಲಿ ದಿಜೋಂ ನ್ಯಾಯಾಲಯ ಅವರಿಗೆ ೧,೦೦೦ ಯೂರೋ ದಂಡ ವಿಧಿಸಿತು, ಅರ್ಧವನ್ನು ಅಮಾನತಿನಲ್ಲಿಟ್ಟಿತು. ಅವರ ಪರವಾದ ಮನವಿಗೆ ಲಕ್ಷಾಂತರ ಜನ ಸಹಿ ಹಾಕಿದರು. ಅದೇ ವರ್ಷದ ಕೊನೆಯಲ್ಲಿ ಮೇಲ್ಮನವಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಸಹಿ ಹಾಕಿದವರಿಗೆ ಅವರು ವೀರ. ಬೇಲಿಯಾಚೆಯ ತೋಟದವರಿಗೆ ಹುಳು ಸಾಕುವ ನೆರೆಯವ. ಎರಡು ಮಾತಿನಲ್ಲಿಯೂ ಅರ್ಥವಿದೆ. ಹುಳುವಿಗೆ ಬೇಲಿ ಗೊತ್ತಿಲ್ಲ, ವಿಷಕ್ಕೂ ಗೊತ್ತಿಲ್ಲ.

ಹಾಗಾದರೆ ಸನ್ಯಾಸಿಗಳ ಬಂಡೆಯ ತೋಟದಿಂದ ಕಲಿಯಬೇಕಾದದ್ದೇನು? ಗ್ರಹಗಳ ಬಲವನ್ನಂತೂ ಅಲ್ಲ. ಬ್ಯಾಂಕಿನಿಂದ ಬಂದ ಜೋಲಿ ಮಣ್ಣಿನ ಬಣ್ಣ ಬದಲಾದದ್ದನ್ನು ಕಂಡರು ಎಂಬುದು ಮುಖ್ಯ; ಕಾಣಲು ಅವರು ತೋಟದಲ್ಲಿ ನಡೆದಾಡುತ್ತಿರಬೇಕಷ್ಟೆ. ಪ್ಲಾಂಶೋನ್ ಜೀವಂತ ಬಳ್ಳಿಯ ಬುಡ ಅಗೆದದ್ದೂ ಮಿಯಾರ್ದೆ ದಾರಿಯ ಅಂಚಿನ ಎಲೆಯನ್ನು ನೋಡಿದ್ದೂ ಇದೇ ಬಗೆಯ ಕೆಲಸ. ಕೊಂಬನ್ನು ಹೂಳುವವನು ವರ್ಷಕ್ಕೆ ಎಷ್ಟೋ ಸಲ ತೋಟವನ್ನು ಕಾಲ್ನಡಿಗೆಯಲ್ಲಿ ಸುತ್ತಲೇಬೇಕು. ಆ ನಡಿಗೆಯಿಂದ ಬರುವ ಲಾಭವನ್ನು ಅವನು ಕೊಂಬಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ ಎಂದರೆ ತಪ್ಪಾಗಲಾರದು. ಆದರೆ ಆ ನಡಿಗೆಯ ಖರ್ಚು ಯಾರು ಕೊಡಬೇಕು? ಇಲ್ಲಿ ಕೊಡುವವರು ಸೀಸೆಗೆ ದುಬಾರಿ ಬೆಲೆ ತೆರುವ ಸಿರಿವಂತರು. ಕಿಲೋ ಲೆಕ್ಕದಲ್ಲಿ ದ್ರಾಕ್ಷಿ ಮಾರುವ ನಂದಿಯ ತಪ್ಪಲಿನ ರೈತನಿಗಾಗಲಿ, ಕ್ವಿಂಟಲಿನ ಲೆಕ್ಕದಲ್ಲಿ ಅಡಕೆ ಮಾರುವ ಮಲೆನಾಡಿನವನಿಗಾಗಲಿ ಇಳುವರಿಯ ಐದನೆಯ ಒಂದು ಪಾಲನ್ನು ಬಿಟ್ಟುಕೊಡಿ ಎಂದು ಹೇಳುವುದು ಸುಲಭವಲ್ಲ. ಪೇಟೆಯಲ್ಲಿ ಕುಳಿತು ಮಣ್ಣಿನ ಆರೋಗ್ಯದ ಮಾತಾಡುವ ನಾವು, ಆ ಪಾಲನ್ನು ಬೆಲೆಯ ರೂಪದಲ್ಲಿ ತುಂಬಿಕೊಡಲು ಸಿದ್ಧರಿದ್ದೇವೆಯೆ ಎಂದು ಮೊದಲು ಕೇಳಿಕೊಳ್ಳಬೇಕು.

ನೆಲದ ಗುಣ ಅಳಿಯದ ಆಸ್ತಿಯೆ ಎಂಬ ಪ್ರಶ್ನೆಗೆ ಉತ್ತರ ಅಲ್ಲ ಎಂದೇ. ನಮ್ಮ ರಸಬಾಳೆಯ ತೋಟಗಳು ಸೊರಗು ರೋಗಕ್ಕೆ ಸಿಕ್ಕಿ ಎಷ್ಟು ಬೇಗ ಬರಿದಾದವೆಂಬುದನ್ನು ನೆನೆದರೆ ಬೇರೆ ಸಾಕ್ಷಿ ಬೇಡ. ೧೨೧೪ರಲ್ಲಿ ಓಡಿಹೋದ ಅರಸನ ಸೈನ್ಯದ ಗುರುತು ಬಂಡೆಯ ಕೆಳಗಿನ ಮಣ್ಣಿನಲ್ಲಿ ಉಳಿದಿಲ್ಲ. ೧೮೮೫ರಿಂದ ಈಚೆಗೆ ಚಿಮುಕಿಸಿದ ತುತ್ತದ ಗುರುತು ಫ್ರಾನ್ಸಿನ ಹಳೆಯ ತೋಟಗಳ ಮಣ್ಣಿನಲ್ಲಿ ಇನ್ನೂ ಇದೆ. ಪರೀಕ್ಷಿಸಿದವರಿಗೆ ಇಂದಿಗೂ ಸಿಗುತ್ತದೆ. ಶತಮಾನಕ್ಕೂ ಹೆಚ್ಚು ಕಾಲ ಅದೇ ಮದ್ದನ್ನು ಕಂಡ ನಮ್ಮ ಅಡಕೆ ತೋಟಗಳವರು ಮಣ್ಣನ್ನು ಪರೀಕ್ಷೆಗೆ ಕೊಡುವಾಗ, ತಾಮ್ರ ಎಷ್ಟಿದೆ ಎಂಬುದನ್ನೂ ಒಮ್ಮೆ ವಿಚಾರಿಸುವುದು ಒಳ್ಳೆಯದು.